ಜಿಮ್ ಲೈಸೆನ್ಸ್ ತಿರಸ್ಕಾರವಾಗುವುದೇಕೆ, ರದ್ದಾಗುವುದೇಕೆ? ಶಿವಮೊಗ್ಗ ಕಡೆಯವರಿಗೆ ಹಂತ ಹಂತದ ಮಾರ್ಗದರ್ಶಿ

ಜಿಮ್ ತೆರೆಯಲು ಲೈಸೆನ್ಸ್ ಬೇಕು ಅನ್ನೋದು ಎಲ್ಲರಿಗೂ ಗೊತ್ತು. ಅದು ಒಂದೇ ಕಾಗದ ಅಲ್ಲ ಅನ್ನೋದು ಎಷ್ಟೋ ಜನಕ್ಕೆ ನೋಟಿಸ್ ಬಂದ ಮೇಲೆ ತಿಳಿಯುತ್ತದೆ. ನಾನು ಶಿವಮೊಗ್ಗದಲ್ಲಿ ಸಣ್ಣ ವ್ಯಾಪಾರಗಳ ಲೆಕ್ಕಪತ್ರ, ಅರ್ಜಿ, ರಿಟರ್ನ್ಸ್ ನೋಡಿಕೊಳ್ಳುವವನು. ಜಿಮ್ ಫೈಲು ಹಿಡಿದು ನನ್ನ ಹತ್ತಿರ ಬರುವವರು ಹೆಚ್ಚಾಗಿ ಇಪ್ಪತ್ತೈದು, ಮೂವತ್ತರ ಹುಡುಗರು. ಕಬಡ್ಡಿ ಆಡಿದವರು, ಗರಡಿ ಮನೆಯಲ್ಲಿ ಮಣ್ಣು ಮೈಗೆ ಹಚ್ಚಿಕೊಂಡವರು. ಅಪ್ಪನ ಅಡಿಕೆ ದುಡ್ಡು, ಸೊಸೈಟಿ ಸಾಲ, ಅಮ್ಮನ ಬಳೆ ಎಲ್ಲ ಸೇರಿಸಿ ಟ್ರೆಡ್‌ಮಿಲ್ ತಂದಿರುತ್ತಾರೆ. ಆಮೇಲೆ ಒಂದು ಕಾಗದಕ್ಕಾಗಿ ಬಾಗಿಲು ಹಾಕಬೇಕಾಗಿ ಬಂದರೆ ನೋಡಲು ನಿಜಕ್ಕೂ ಸಂಕಟವಾಗುತ್ತದೆ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನಾನು ನೋಡಿದ ಫೈಲುಗಳಲ್ಲಿ ಮುಕ್ಕಾಲು ಪಾಲು ತೊಂದರೆಗೆ ಬೇರು ಒಂದೇ. ಕಾಗದದಲ್ಲಿ ಬರೆದದ್ದು ಒಂದು, ಜಾಗದಲ್ಲಿ ಇರುವುದು ಇನ್ನೊಂದು. ಕೆಳಗಿನ ಎಲ್ಲ ಹಂತಗಳನ್ನೂ ಈ ಒಂದು ಮಾತು ನೆನಪಿಟ್ಟುಕೊಂಡು ಓದಿ.

ಹಂತ 1: ಯಾವ ಕಾಗದ ಯಾರ ಕೈಯಲ್ಲಿದೆ ತಿಳಿದುಕೊಳ್ಳಿ

ಮುಖ್ಯವಾದದ್ದು ಉದ್ದಿಮೆ ಪರವಾನಗಿ, ನಾವೆಲ್ಲ ಟ್ರೇಡ್ ಲೈಸೆನ್ಸ್ ಅನ್ನುವುದು. ಇದನ್ನು ಕೊಡುವುದು ಸ್ಥಳೀಯ ಸಂಸ್ಥೆ. ಶಿವಮೊಗ್ಗ ನಗರದಲ್ಲಿ ಮಹಾನಗರ ಪಾಲಿಕೆ. ಭದ್ರಾವತಿ, ಸಾಗರದಲ್ಲಿ ನಗರಸಭೆ. ತೀರ್ಥಹಳ್ಳಿ, ಹೊಸನಗರದಲ್ಲಿ ಪಟ್ಟಣ ಪಂಚಾಯಿತಿ. ಊರ ಹೊರಗಾದರೆ ಗ್ರಾಮ ಪಂಚಾಯಿತಿ. ಪಾಲಿಕೆ ನಡೆಯುವುದು ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ 1976ರ ಪ್ರಕಾರ. ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳಿಗೆ 1964ರ ಪೌರಸಭೆಗಳ ಕಾಯ್ದೆ. ಗ್ರಾಮ ಪಂಚಾಯಿತಿಗೆ 1993ರ ಪಂಚಾಯತ್ ರಾಜ್ ಕಾಯ್ದೆ. ಕಾಯ್ದೆ ಬೇರೆಯಾದ್ದರಿಂದ ಶುಲ್ಕ, ನಮೂನೆ, ಮೇಲ್ಮನವಿಯ ದಾರಿ ಎಲ್ಲವೂ ಬೇರೆ. ಸ್ನೇಹಿತನ ಭದ್ರಾವತಿ ಅರ್ಜಿ ನೋಡಿಕೊಂಡು ಶಿವಮೊಗ್ಗದಲ್ಲಿ ತುಂಬಬೇಡಿ.

ಎರಡನೆಯದು ಕಾರ್ಮಿಕ ಇಲಾಖೆಯ ನೋಂದಣಿ. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ, ಕೆಲಸ ಶುರುವಾದ 30 ದಿನದೊಳಗೆ ಮಾಡಿಸಬೇಕು. ಮೂರನೆಯದು ಜಿಎಸ್‌ಟಿ. ಬರೀ ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಕಡ್ಡಾಯ. ಪ್ರೋಟೀನ್ ಪೌಡರ್, ಬಾರ್, ಶೇಕ್ ಏನಾದರೂ ಮಾರುವುದಾದರೆ ಆಹಾರ ಸುರಕ್ಷತಾ ಕಾಯ್ದೆಯ ನೋಂದಣಿ ಬೇರೆ ಬೇಕು. ಕೌಂಟರ್‌ನಲ್ಲಿ ನಾಲ್ಕು ಡಬ್ಬ ಇಟ್ಟರೂ ಬೇಕು.

ಹಂತ 2: ಅಡ್ವಾನ್ಸ್ ಕೊಡುವ ಮೊದಲು ಜಾಗದ ಜಾತಕ ನೋಡಿ

ಅರ್ಜಿ ತಿರಸ್ಕಾರವಾಗುವುದು ಹೆಚ್ಚಾಗಿ ಇಲ್ಲಿಯೇ. ಯಂತ್ರ ಬಂದ ಮೇಲೆ ಜಾಗ ಬದಲಿಸಲು ಆಗುವುದಿಲ್ಲ. ಅದಕ್ಕೆ ಈ ಹಂತಕ್ಕೆ ಒಂದು ವಾರ ಇಟ್ಟುಕೊಳ್ಳಿ.

ಮೊದಲು ಖಾತೆ. ನಗರದಲ್ಲಾದರೆ ಇ-ಆಸ್ತಿ, ಹಳ್ಳಿಯಲ್ಲಾದರೆ ಇ-ಸ್ವತ್ತು. ಖಾತೆಯಲ್ಲಿ ಇರುವ ಹೆಸರು, ನಿಮಗೆ ಬಾಡಿಗೆ ಕೊಡುತ್ತಿರುವವರ ಹೆಸರು ಒಂದೇ ಇರಬೇಕು. ನಮ್ಮ ಕಡೆ ಅಪ್ಪ ತೀರಿಕೊಂಡು ಹತ್ತು ವರ್ಷವಾದರೂ ಖಾತೆ ಬದಲಾಗಿರುವುದಿಲ್ಲ. ಅಣ್ಣ ಬಾಡಿಗೆ ಕರಾರು ಬರೆದುಕೊಡುತ್ತಾರೆ, ತಮ್ಮ ಬಂದು ತಕರಾರು ಹಾಕುತ್ತಾರೆ. ಆಗ ಲೈಸೆನ್ಸ್ ನಿಲ್ಲುತ್ತದೆ. ಪಾಲುದಾರರೆಲ್ಲರ ಒಪ್ಪಿಗೆ ಪತ್ರ ಮೊದಲೇ ಕೇಳಿ. ಕೇಳಲು ಸಂಕೋಚ ಬೇಡ.

ಆಮೇಲೆ ಕಂದಾಯ. ಮಾಲೀಕರು ಈ ವರ್ಷದ ಆಸ್ತಿ ತೆರಿಗೆ ಕಟ್ಟಿದ್ದಾರಾ? ಬಾಕಿ ಇದ್ದರೆ ನಿಮ್ಮ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ರಸೀದಿಯ ಪ್ರತಿ ಕೈಗೆ ಬರುವವರೆಗೆ ಅಡ್ವಾನ್ಸ್ ಕೊಡಬೇಡಿ.

ಮೂರನೆಯದು ಬಳಕೆ. ವಿನೋಬನಗರ, ಗೋಪಾಳದಂಥ ಬಡಾವಣೆಗಳಲ್ಲಿ ಮನೆ ಎಂದು ನಕ್ಷೆ ಮಂಜೂರಾದ ಕಟ್ಟಡಗಳೇ ಜಾಸ್ತಿ. ಅದರ ಮೇಲ್ಮಹಡಿಯಲ್ಲಿ ಜಿಮ್ ಮಾಡಿದರೆ ವಾಸದ ಜಾಗವನ್ನು ವಾಣಿಜ್ಯಕ್ಕೆ ಬಳಸಿದಂತೆ. ಆ ರಸ್ತೆ ಮಹಾಯೋಜನೆಯಲ್ಲಿ, ಅಂದರೆ ಮಾಸ್ಟರ್ ಪ್ಲಾನ್‌ನಲ್ಲಿ, ಯಾವ ವಲಯಕ್ಕೆ ಸೇರಿದೆ ಎಂದು ನಗರಾಭಿವೃದ್ಧಿ ಪ್ರಾಧಿಕಾರದ (ಸೂಡಾ) ಕಚೇರಿಯಲ್ಲಿ ವಿಚಾರಿಸಿ. ಪಕ್ಕದಲ್ಲಿ ಕಿರಾಣಿ ಅಂಗಡಿ ಇದೆ ಎಂದ ಮಾತ್ರಕ್ಕೆ ಜಿಮ್‌ಗೂ ಒಪ್ಪಿಗೆ ಇದೆ ಎಂದಲ್ಲ. ಊರ ಹೊರಗೆ ಹೆದ್ದಾರಿ ಪಕ್ಕ ತೋಟದ ಅಂಚಿನಲ್ಲಿ ಶೆಡ್ ಹಾಕುವವರಿಗೆ ಇನ್ನೊಂದು ಮಾತು. ಆ ಜಮೀನು ಭೂ ಪರಿವರ್ತನೆ ಆಗಿರಬೇಕು. 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಇದನ್ನೇ ಹೇಳುತ್ತದೆ. ಪಹಣಿಯಲ್ಲಿ ಇನ್ನೂ ಅಡಿಕೆ, ಬಾಗಾಯ್ತು ಎಂದೇ ಇದ್ದರೆ ಪಂಚಾಯಿತಿ ಲೈಸೆನ್ಸ್ ಕೊಡಲು ಒಪ್ಪುವುದು ಕಷ್ಟ. ಬಗರ್ ಹುಕುಂ ಜಾಗದ ಗೋಜಿಗಂತೂ ಹೋಗಲೇಬೇಡಿ.

ನೆಲಮಾಳಿಗೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಬಾಡಿಗೆ ಕಡಿಮೆ, ಶಬ್ದ ಹೊರಗೆ ಬರುವುದಿಲ್ಲ ಎಂದು ಎಲ್ಲರಿಗೂ ಅದೇ ಇಷ್ಟ. ಆದರೆ ನಕ್ಷೆಯಲ್ಲಿ ಅದು ಪಾರ್ಕಿಂಗ್ ಎಂದು ತೋರಿಸಿದ್ದರೆ ಅಲ್ಲಿ ಜಿಮ್ ನಡೆಸುವಂತಿಲ್ಲ. ತಪಾಸಣೆಗೆ ಬಂದವರು ಮೊದಲು ನೋಡುವುದೇ ಇದನ್ನು. ಜೊತೆಗೆ ನಮ್ಮ ಮಳೆ. ಆರಿದ್ರಾ ಮಳೆ ಹಿಡಿದರೆ ಮಲೆನಾಡಿನಲ್ಲಿ ಗೋಡೆಯೇ ಬೆವರುತ್ತದೆ. ನೆಲದಲ್ಲಿ ಒರತೆ, ಮ್ಯಾಟ್ ಮೇಲೆ ಬೂಸ್ಟು, ಸ್ವಿಚ್ ಬೋರ್ಡಿನಲ್ಲಿ ತೇವ. ಒದ್ದೆ ಕಾಲಲ್ಲಿ ಟ್ರೆಡ್‌ಮಿಲ್ ಹತ್ತಿ ಕರೆಂಟು ಹೊಡೆದರೆ ಅದು ಲೈಸೆನ್ಸ್ ವಿಷಯ ಅಲ್ಲ, ಜೀವದ ವಿಷಯ. ಜಾಗವನ್ನು ಬೇಸಿಗೆಯಲ್ಲಿ ನೋಡಿ ಒಪ್ಪಬೇಡಿ. ಜುಲೈನಲ್ಲಿ ಒಮ್ಮೆ ಹೋಗಿ ನೋಡಿ. ಅದು ಆಗದಿದ್ದರೆ ಹಿಂದಿನ ಬಾಡಿಗೆದಾರರನ್ನು ಕೇಳಿ. ಅರ್ಥಿಂಗ್ ಮತ್ತು ಇಎಲ್‌ಸಿಬಿ (ಕರೆಂಟು ಸೋರಿದರೆ ತಾನೇ ಕಡಿತ ಮಾಡುವ ಸ್ವಿಚ್) ಇಲ್ಲದೆ ಒಂದು ಯಂತ್ರವನ್ನೂ ಪ್ಲಗ್‌ಗೆ ಹಾಕಬೇಡಿ.

ಮೇಲ್ಮಹಡಿಯಾದರೆ ತಾರಸಿಯ ಬಲ ನೋಡಬೇಕು. ವಾಸದ ಮನೆಯ ತಾರಸಿಯನ್ನು ಚದರ ಮೀಟರಿಗೆ ಸುಮಾರು 200 ಕೆ.ಜಿ. ಹೊರೆಗೆ ಲೆಕ್ಕ ಹಾಕುವುದು ರೂಢಿ. ಒಂದೇ ಮೂಲೆಯಲ್ಲಿ ಪ್ಲೇಟುಗಳ ರಾಶಿ, ಸ್ಕ್ವಾಟ್ ರ್‍ಯಾಕ್, ಅದರ ಮೇಲೆ ಡೆಡ್‌ಲಿಫ್ಟ್ ಮಾಡಿ ಧಡ್ ಎಂದು ಬಿಡುವುದು. ಆ ತಾರಸಿ ಇದಕ್ಕಾಗಿ ಕಟ್ಟಿದ್ದಲ್ಲ. ಒಬ್ಬ ಸಿವಿಲ್ ಎಂಜಿನಿಯರ್ ಕರೆಸಿ ದೃಢೀಕರಣ ಪತ್ರ ತೆಗೆದುಕೊಳ್ಳಿ. ಕೆಳಗಿನ ಮನೆಯವರು ದೂರು ಕೊಟ್ಟಾಗ ನಿಮ್ಮ ಪರವಾಗಿ ಮಾತಾಡುವುದು ಆ ಪತ್ರವೇ.

ಕರೆಂಟು ಮೀಟರ್ ಕೊನೆಯದು. ಗೃಹಬಳಕೆಯ ಮೀಟರಿನಲ್ಲೇ ಜಿಮ್ ನಡೆಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಂ ಪ್ರಕಾರ ಅನಧಿಕೃತ ಬಳಕೆ. ದರದ ಎರಡು ಪಟ್ಟು ಲೆಕ್ಕ ಹಾಕಿ ಬಿಲ್ ಮಾಡುತ್ತಾರೆ. ಎಂದಿನಿಂದ ನಡೆಯುತ್ತಿದೆ ಎಂದು ಗೊತ್ತಾಗದಿದ್ದರೆ ಹಿಂದಿನ 12 ತಿಂಗಳಿಗೂ ಹಾಕಬಹುದು. ಮೆಸ್ಕಾಂನಲ್ಲಿ ವಾಣಿಜ್ಯ ಸಂಪರ್ಕಕ್ಕೆ ಮೊದಲೇ ಅರ್ಜಿ ಕೊಡಿ.

ಹಂತ 3: ಅರ್ಜಿಯಲ್ಲಿ ಇರುವುದನ್ನು ಇರುವ ಹಾಗೆ ಬರೆಯಿರಿ

ವಿಸ್ತೀರ್ಣ ಕಡಿಮೆ ತೋರಿಸಿದರೆ ಶುಲ್ಕ ಕಡಿಮೆ, ಕೆಲಸದವರನ್ನು ಕಡಿಮೆ ತೋರಿಸಿದರೆ ತಲೆನೋವು ಕಡಿಮೆ ಎಂದು ಯಾರೋ ಹೇಳಿಕೊಡುತ್ತಾರೆ. ಕೇಳಬೇಡಿ. ಸುಳ್ಳು ಮಾಹಿತಿ ಕೊಟ್ಟು ಪಡೆದ ಲೈಸೆನ್ಸನ್ನು ಯಾವಾಗ ಬೇಕಾದರೂ ರದ್ದು ಮಾಡಲು ಅಧಿಕಾರ ಇದೆ. ನಾನೇ ಒಮ್ಮೆ ಎಡವಿದ್ದೇನೆ. ಒಬ್ಬ ಹುಡುಗನ ಅರ್ಜಿಯಲ್ಲಿ ಅವಸರದಲ್ಲಿ ನೆಲಮಹಡಿ ಎಂದು ಹಾಕಿದ್ದೆ. ಜಿಮ್ ಇದ್ದದ್ದು ಮೊದಲ ಮಹಡಿಯಲ್ಲಿ. ಸ್ಥಳ ತನಿಖೆಗೆ ಬಂದವರು ಅದನ್ನೇ ಹಿಡಿದರು. ತಪ್ಪು ನನ್ನದು, ಎರಡು ತಿಂಗಳು ಬಾಡಿಗೆ ದಂಡ ಕಟ್ಟಿದ್ದು ಆ ಹುಡುಗ. ಅಂದಿನಿಂದ ಪ್ರತಿ ಅರ್ಜಿಗೂ ಮುಂಚೆ ಜಾಗಕ್ಕೆ ಹೋಗಿ ಟೇಪ್ ಹಿಡಿದು ಅಳೆಯುತ್ತೇನೆ.

ಉದ್ದೇಶದ ಕಾಲಂನಲ್ಲಿ ಎಲ್ಲವನ್ನೂ ಹೇಳಿ. ಜಿಮ್, ಜುಂಬಾ ತರಗತಿ, ಸ್ಟೀಮ್, ಮಸಾಜ್, ಪ್ರೋಟೀನ್ ಮಾರಾಟ, ಯಾವುದಿದೆಯೋ ಅದು. ಬರೀ ಜಿಮ್ ಎಂದು ಬರೆದು ಒಳಗೆ ಸ್ಪಾ ನಡೆಸಿದರೆ ಅದು ಷರತ್ತು ಉಲ್ಲಂಘನೆ.

ತನಿಖೆಗೆ ಬರುವುದು ಸಾಮಾನ್ಯವಾಗಿ ಆರೋಗ್ಯ ನಿರೀಕ್ಷಕರು. ಗಾಳಿ, ಬೆಳಕು, ಶೌಚಾಲಯ, ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಬೇರೆ ಬಟ್ಟೆ ಬದಲಿಸುವ ಕೋಣೆ, ಬೆಂಕಿ ನಂದಿಸುವ ಸಿಲಿಂಡರ್ ನೋಡುತ್ತಾರೆ. ಸಿಲಿಂಡರಿನ ಮೇಲಿನ ಮರುಭರ್ತಿ ದಿನಾಂಕ ನೋಡಿಕೊಳ್ಳಿ. ಹಿಂಬಾಗಿಲಿಗೆ ಗ್ರಿಲ್ ಹಾಕಿ ಬೀಗ ಜಡಿದಿದ್ದರೆ ತೆಗೆಯಿರಿ.

ಅರ್ಜಿ ಸಲ್ಲಿಸಿದಾಗ ಸಕಾಲ ಸ್ವೀಕೃತಿ ಬರುತ್ತದೆ, ಅದರಲ್ಲಿ 15 ಅಂಕಿಯ ಸಂಖ್ಯೆ ಇರುತ್ತದೆ. ಅದನ್ನು ಜೋಪಾನವಾಗಿಡಿ. ಗಡುವಿನೊಳಗೆ ಕೆಲಸ ಆಗದಿದ್ದರೆ ಆ ಸಂಖ್ಯೆ ಇಟ್ಟುಕೊಂಡು ಸಕ್ಷಮ ಅಧಿಕಾರಿಗೆ, ಆಮೇಲೆ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ತಡವಾದ ಪ್ರತಿ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರವೂ ಇದೆ. ದುಡ್ಡು ದೊಡ್ಡದಲ್ಲ. ಫೈಲು ಎಲ್ಲಿ ನಿಂತಿದೆ ಎಂದು ಗೊತ್ತಾಗುತ್ತದಲ್ಲ, ಅದು ಮುಖ್ಯ.

ಹಂತ 4: ಸಿಕ್ಕಿದ ಲೈಸೆನ್ಸ್ ಯಾವುದರಿಂದ ಕೈತಪ್ಪುತ್ತದೆ

ಕಾಯ್ದೆಯ ಭಾಷೆಯಲ್ಲಿ ಕಾರಣ ಮುಖ್ಯವಾಗಿ ಮೂರು. ಲೈಸೆನ್ಸಿನ ಷರತ್ತು ಮುರಿಯುವುದು, ಪಾಲಿಕೆ ಕಾಯ್ದೆ ಅಥವಾ ಬೈಲಾ ಉಲ್ಲಂಘಿಸಿ ಶಿಕ್ಷೆಯಾಗುವುದು, ಮೋಸದಿಂದ ಲೈಸೆನ್ಸ್ ಪಡೆದಿರುವುದು. ಆದರೆ ಜಿಮ್‌ನಲ್ಲಿ ಇವು ಬರುವ ರೂಪ ಬೇರೆ.

ಎಲ್ಲಕ್ಕಿಂತ ಮಾಮೂಲಿ ನವೀಕರಣ ಮರೆಯುವುದು. ಪರವಾನಗಿ ವರ್ಷ ಏಪ್ರಿಲ್‌ನಿಂದ ಮಾರ್ಚ್. ಅವಧಿ ಮುಗಿದ ಕಾಗದ ಗೋಡೆ ಮೇಲಿದ್ದರೆ ಅದು ಲೈಸೆನ್ಸ್ ಇಲ್ಲದ ಹಾಗೆಯೇ. ಫೆಬ್ರವರಿಯಲ್ಲೇ ಅರ್ಜಿ ಹಾಕಿಬಿಡಿ.

ಎರಡನೆಯದು ಬೆಳಗಿನ ಹಾಡು. ಜಿಮ್‌ಗಳು ಐದು ಗಂಟೆಗೇ ತೆರೆಯುತ್ತವೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಎಂದರೆ ಹತ್ತರಿಂದ ಬೆಳಿಗ್ಗೆ ಆರರವರೆಗೆ. ಅಂದರೆ ನಿಮ್ಮ ಮೊದಲ ಬ್ಯಾಚ್ ಕಾನೂನಿನ ಲೆಕ್ಕದಲ್ಲಿ ರಾತ್ರಿಯಲ್ಲೇ ನಡೆಯುತ್ತದೆ! ವಾಸದ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬಲ್, ಹಗಲು 55. ಆಸ್ಪತ್ರೆ, ಶಾಲೆ, ನ್ಯಾಯಾಲಯದ 100 ಮೀಟರ್ ಸುತ್ತ ನಿಶ್ಶಬ್ದ ವಲಯವೆಂದು ಗುರುತಿಸಿದ್ದರೆ ಹಗಲು 50, ರಾತ್ರಿ 40. 45 ಡೆಸಿಬಲ್ ಅಂದರೆ ಮೆಲ್ಲಗೆ ಮಾತಾಡುವಷ್ಟು ಸದ್ದು. ಆರು ಗಂಟೆವರೆಗೆ ಸ್ಪೀಕರ್ ಹಚ್ಚಬೇಡಿ. ತೂಕ ಬೀಳುವ ಕಡೆ ದಪ್ಪ ರಬ್ಬರ್ ಹಾಕಿ. ನಾನು ನೋಡಿದ ದೂರುಗಳಲ್ಲಿ ಅರ್ಧಕ್ಕರ್ಧ ಪಕ್ಕದ ಮನೆಯ ಅಜ್ಜ ಅಜ್ಜಿಯರು ಕೊಟ್ಟವು. ಅವರ ಮಾತಿನಲ್ಲೂ ನ್ಯಾಯ ಇದೆ. ಶುರುವಿನಲ್ಲೇ ಅವರ ಮನೆಗೆ ಹೋಗಿ, ತೊಂದರೆಯಾದರೆ ನನಗೇ ಫೋನ್ ಮಾಡಿ ಅಜ್ಜ ಎಂದು ನಂಬರ್ ಕೊಟ್ಟು ಬನ್ನಿ.

ಮೂರನೆಯದು ಇಂಜೆಕ್ಷನ್. ಇದರಲ್ಲಿ ನನಗೆ ಯಾವ ರಿಯಾಯಿತಿಯೂ ಇಲ್ಲ. ನ್ಯಾಂಡ್ರೊಲೋನ್, ಸ್ಟಾನೊಜೊಲೋಲ್‌ನಂಥ ಸ್ಟೀರಾಯ್ಡ್‌ಗಳು ವೈದ್ಯರ ಚೀಟಿ ಇಲ್ಲದೆ ಕೊಡಬಾರದ ಔಷಧಿಗಳು. ಔಷಧಿ ಲೈಸೆನ್ಸ್ ಇಲ್ಲದೆ ಮಾರಿದರೆ 1940ರ ಔಷಧಿ ಕಾಯ್ದೆಯಡಿ ಕನಿಷ್ಠ 3 ವರ್ಷ ಜೈಲು. ನೀವು ಮಾರದಿದ್ದರೂ ನಿಮ್ಮ ಟ್ರೈನರ್ ಲಾಕರ್‌ನಲ್ಲಿಟ್ಟು ಮಾರಿದರೆ ಹೆಸರು ಹೋಗುವುದು ಜಿಮ್‌ನದ್ದೇ. ಹುಡುಗರ ಲಿವರ್, ಹೃದಯ ಹಾಳಾಗುತ್ತದೆ. ಟ್ರೈನರ್ ಜೊತೆಗಿನ ಕರಾರಿನಲ್ಲೇ ಇದನ್ನು ಬರೆಸಿ, ಲಾಕರ್‌ಗಳನ್ನು ಆಗಾಗ ನೋಡುತ್ತಿರಿ.

ನಾಮಫಲಕವೂ ಲೈಸೆನ್ಸಿಗೆ ಕುತ್ತು ತರಬಹುದು. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಿದ್ದುಪಡಿ ಬಂತು. ಬೋರ್ಡಿನ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಮೊದಲ ಸಲ 5,000 ರೂಪಾಯಿವರೆಗೆ ದಂಡ, ಎರಡನೇ ಸಲ 10,000. ಆಮೇಲೂ ತಿದ್ದಿಕೊಳ್ಳದಿದ್ದರೆ 20,000 ದಂಡದ ಜೊತೆ ಲೈಸೆನ್ಸ್ ರದ್ದು. ಕುವೆಂಪು ಬೆಳೆದ ಜಿಲ್ಲೆಯಲ್ಲಿ ಕನ್ನಡ ಬೋರ್ಡು ಬರೆಸಲು ಕಾನೂನು ಹೇಳುವವರೆಗೆ ಕಾಯಬೇಕಾ? ಬರೆಸಿಬಿಡಿ.

ಹೆಣ್ಣುಮಕ್ಕಳ ಸುರಕ್ಷತೆ ಬಗ್ಗೆ ಎರಡು ವಿಷಯ. ಬಟ್ಟೆ ಬದಲಿಸುವ ಕೋಣೆ, ಅದರ ಬಾಗಿಲ ಕಡೆ ಕ್ಯಾಮೆರಾ ತಿರುಗಿಸಿ ಇಡಬೇಡಿ. ಕಳ್ಳತನ ತಡೆಯಲು ಎಂಬ ಸಬೂಬು ನಡೆಯುವುದಿಲ್ಲ. ಖಾಸಗಿ ಕ್ಷಣದ ಚಿತ್ರ ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಪ್ರಕಾರ ಅಪರಾಧ. ಎರಡನೆಯದು, 10 ಅಥವಾ ಹೆಚ್ಚು ಕೆಲಸದವರಿದ್ದರೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಡಿ ಆಂತರಿಕ ಸಮಿತಿ ಇರಲೇಬೇಕು. ಇಲ್ಲದಿದ್ದರೆ 50,000 ರೂಪಾಯಿವರೆಗೆ ದಂಡ. ಒಮ್ಮೆ ಶಿಕ್ಷೆಯಾಗಿ ಮತ್ತೆ ಅದೇ ತಪ್ಪು ಮಾಡಿದರೆ ದಂಡ ಇಮ್ಮಡಿ, ಲೈಸೆನ್ಸ್ ಅಥವಾ ನೋಂದಣಿ ರದ್ದು ಎಂದು ಕಾಯ್ದೆಯ 26ನೇ ಕಲಂನಲ್ಲಿ ನೇರವಾಗಿ ಬರೆದಿದೆ. ಟ್ರೈನರ್, ಸ್ವಾಗತದವರು, ಕಸ ಗುಡಿಸುವವರು, ದಿನಗೂಲಿಯವರು ಎಲ್ಲರೂ ಆ ಲೆಕ್ಕಕ್ಕೆ ಬರುತ್ತಾರೆ.

ಸದಸ್ಯರ ಆರೋಗ್ಯದ ವಿಷಯವನ್ನೂ ಇಲ್ಲೇ ಹೇಳುತ್ತೇನೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಜಿಮ್‌ಗಳಿಗೆ ಮಾರ್ಗಸೂಚಿ ತರುವ ಮಾತು ಸರ್ಕಾರದಲ್ಲೂ ನಡೆಯಿತು. ನೀವು ಯಾವ ಆದೇಶಕ್ಕೂ ಕಾಯಬೇಡಿ. ಸೇರುವಾಗಲೇ ಬಿಪಿ, ಸಕ್ಕರೆ, ಹೃದಯದ ತೊಂದರೆ, ಮನೆಯಲ್ಲಿ ಯಾರಿಗಾದರೂ ಇತ್ತಾ ಎಂದು ಬರೆಸಿಕೊಳ್ಳಿ. ಪ್ರತಿ ಪಾಳಿಯಲ್ಲೂ ಎದೆ ಒತ್ತಿ ಉಸಿರು ಮರಳಿಸುವ ಸಿಪಿಆರ್ ಕಲಿತ ಒಬ್ಬರು ಇರಲಿ. ಅವಘಡವಾದಾಗ ನಿರ್ಲಕ್ಷ್ಯ ಇತ್ತೇ ಎಂದು ಕೇಳುವವರಿಗೆ ತೋರಿಸಲು ನಿಮ್ಮ ಹತ್ತಿರ ಇರುವುದು ಇದೇ.

ಹಂತ 5: ಜಿಎಸ್‌ಟಿ ನೋಂದಣಿ ಹೋಗದಂತೆ ನೋಡಿಕೊಳ್ಳಿ

ಅರ್ಜಿಯಲ್ಲಿ ಕೊರತೆ ಇದ್ದರೆ ಆರ್‌ಇಜಿ-03 ಎಂಬ ನಮೂನೆಯಲ್ಲಿ ನೋಟಿಸ್ ಬರುತ್ತದೆ. 7 ಕೆಲಸದ ದಿನದೊಳಗೆ ಉತ್ತರ ಕೊಡದಿದ್ದರೆ ತಿರಸ್ಕಾರ. ಹೆಚ್ಚಾಗಿ ಜಾಗದ ಕರಾರು ಅಥವಾ ಕರೆಂಟು ಬಿಲ್ಲಿನ ಹೆಸರು ತಾಳೆಯಾಗದೆ ಇದು ಬರುತ್ತದೆ. ನೋಂದಣಿ ಆದ ಮೇಲೆ ಪ್ರತಿ ತಿಂಗಳು ರಿಟರ್ನ್ ಕೊಡುವವರು ಸತತ 6 ತಿಂಗಳು ಬಿಟ್ಟರೆ ರದ್ದು ಮಾಡಬಹುದು. ಮಳೆಗಾಲದಲ್ಲಿ ಜನ ಬರಲಿಲ್ಲ, ವ್ಯಾಪಾರ ಇಲ್ಲ ಎಂದು ಸುಮ್ನೆ ಕೂರಬೇಡಿ. ವ್ಯಾಪಾರ ಶೂನ್ಯವಾದರೂ ರಿಟರ್ನ್ ಹಾಕಲೇಬೇಕು. ರದ್ದಾದರೆ ಬಾಕಿ ರಿಟರ್ನ್ ಎಲ್ಲ ತುಂಬಿ 90 ದಿನದೊಳಗೆ ಆರ್‌ಇಜಿ-21 ನಮೂನೆಯಲ್ಲಿ ನೋಂದಣಿಯನ್ನು ಮರಳಿ ಕೇಳಬಹುದು. 2025ರ ಸೆಪ್ಟೆಂಬರ್ 22ರಿಂದ ಜಿಮ್ ಸೇವೆಯ ತೆರಿಗೆ ಶೇ 18ರಿಂದ 5ಕ್ಕೆ ಇಳಿದಿದೆ, ಆದರೆ ಯಂತ್ರ ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ನೀವು ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳುವ ಹಾಗಿಲ್ಲ. ಹಳೆಯ ರಸೀದಿ ಪುಸ್ತಕದಲ್ಲೇ ಶೇ 18 ಹಾಕಿ ವಸೂಲು ಮಾಡುತ್ತಿದ್ದರೆ ಇಂದೇ ನಿಲ್ಲಿಸಿ.

ಹಂತ 6: ನೋಟಿಸ್ ಬಂದ ದಿನ ಮಾಡಬೇಕಾದದ್ದು

ನೋಟಿಸ್ ಬಂದರೆ ಲೈಸೆನ್ಸ್ ಹೋಯಿತು ಎಂದಲ್ಲ. ರದ್ದು ಮಾಡುವ ಮೊದಲು ಕಾರಣ ಕೇಳಿ, ನಿಮ್ಮ ಮಾತು ಕೇಳಬೇಕು ಎನ್ನುವುದು ನ್ಯಾಯದ ಮೂಲ ನಿಯಮ. ಒಬ್ಬ ಹುಡುಗ ಹೆದರಿಕೊಂಡು ನೋಟಿಸನ್ನು ಮೂರು ವಾರ ಡ್ರಾಯರ್‌ನಲ್ಲಿ ಇಟ್ಟಿದ್ದ. ಮನೆಯಲ್ಲೂ ಹೇಳಿರಲಿಲ್ಲ. ನನ್ನ ಹತ್ತಿರ ಬಂದಾಗ ಉತ್ತರದ ಗಡುವು ಮುಗಿದು ಹೋಗಿತ್ತು. ದಯವಿಟ್ಟು ಹಾಗೆ ಮಾಡಬೇಡಿ.

ಕೈಗೆ ಬಂದ ದಿನಾಂಕವನ್ನು ನೋಟಿಸಿನ ಮೇಲೇ ಬರೆದಿಡಿ. ಅಂಚೆ ಲಕೋಟೆ ಬಿಸಾಡಬೇಡಿ, ಗಡುವು ಲೆಕ್ಕ ಹಾಕುವುದು ಅದರಿಂದಲೇ. ಆರೋಪಗಳನ್ನು ಒಂದೊಂದಾಗಿ ಬೇರೆ ಮಾಡಿ. ಒಂದೊಂದಕ್ಕೂ ಉತ್ತರ ಕೊಡಿ. ಉತ್ತರ ಈ ಧಾಟಿಯಲ್ಲಿರಲಿ: “ತಮ್ಮ ನೋಟಿಸಿನ ಎರಡನೇ ಅಂಶದಲ್ಲಿ ಹೇಳಿದಂತೆ ಹಿಂಬಾಗಿಲು ಮುಚ್ಚಿದ್ದು ನಿಜ. ಅದನ್ನು ಈಗ ತೆರವು ಮಾಡಿದ್ದೇನೆ, ಫೋಟೊ ಲಗತ್ತಿಸಿದೆ. ಮೂರನೇ ಅಂಶದಲ್ಲಿನ ಸ್ಪೀಕರ್ ಬಗ್ಗೆ, ಬೆಳಿಗ್ಗೆ ಆರರವರೆಗೆ ಬಳಸುವುದಿಲ್ಲ ಎಂದು ಲಿಖಿತವಾಗಿ ತಿಳಿಸುತ್ತೇನೆ. ಮರು ತನಿಖೆ ಮಾಡಬೇಕಾಗಿ ಕೋರುತ್ತೇನೆ.” ತಪ್ಪಿದ್ದರೆ ಒಪ್ಪಿಕೊಂಡು ಸರಿ ಮಾಡಿದ್ದನ್ನು ತೋರಿಸಿ. ತಪ್ಪಿಲ್ಲದಿದ್ದರೆ ದಾಖಲೆ ಸಮೇತ ಹೇಳಿ. ಉತ್ತರದ ಎರಡು ಪ್ರತಿ ಒಯ್ದು, ಒಂದರ ಮೇಲೆ ಆ ಕಚೇರಿಯ ಟಪಾಲು ವಿಭಾಗದಲ್ಲಿ ಸೀಲು ಹಾಕಿಸಿಕೊಳ್ಳಿ. ಬಾಯಿಮಾತಲ್ಲಿ ಹೇಳಿ ಬಂದದ್ದು ಲೆಕ್ಕಕ್ಕೆ ಬರುವುದಿಲ್ಲ.

ತನಿಖಾ ವರದಿಯಲ್ಲಿ ಏನು ಬರೆದಿದ್ದಾರೆ ಗೊತ್ತಿಲ್ಲವೇ? ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಪ್ರತಿ ಕೇಳಿ, 30 ದಿನದೊಳಗೆ ಕೊಡಬೇಕು. ಆದರೆ ಅದು ಬರಲಿ ಎಂದು ನೋಟಿಸಿನ ಉತ್ತರ ತಡ ಮಾಡಬೇಡಿ.

ಆದರೂ ರದ್ದಾದರೆ ಆದೇಶದ ಪ್ರತಿಯನ್ನು ಲಿಖಿತವಾಗಿ ಪಡೆಯಿರಿ. ಕಾರಣ ಬರೆಯದೆ ಒಂದು ಸಾಲಿನಲ್ಲಿ ಮುಗಿಸಿದ ಆದೇಶ ಮೇಲ್ಮನವಿಯಲ್ಲಿ ನಿಲ್ಲುವುದು ಕಷ್ಟ. ನಿಮ್ಮ ಊರಿನ ಕಾಯ್ದೆಯಲ್ಲಿ ಮೇಲ್ಮನವಿ ಯಾರಿಗೆ ಎಂದು ವಕೀಲರಿಂದ ಖಚಿತ ಮಾಡಿಕೊಳ್ಳಿ. ಎಲ್ಲ ದಾರಿ ಮುಗಿದ ಮೇಲೆ ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ ಇದೆ. ಶಿವಮೊಗ್ಗ ಜಿಲ್ಲೆಯವರು ಹೋಗಬೇಕಾದದ್ದು ಬೆಂಗಳೂರಿನ ಪೀಠಕ್ಕೆ, ಧಾರವಾಡಕ್ಕಲ್ಲ. ಈ ನಡುವೆ ಕದ್ದು ಜಿಮ್ ತೆರೆಯಬೇಡಿ. ಷಟರ್ ಅರ್ಧ ಎಳೆದು ಒಳಗೆ ನಡೆಸಿದ್ದು ಸಿಕ್ಕಿಬಿದ್ದರೆ ಒಳ್ಳೆಯ ಮೇಲ್ಮನವಿಯೂ ಕೆಡುತ್ತದೆ.

ಹಂತ 7: ಮುಚ್ಚಲೇಬೇಕಾಗಿ ಬಂದರೆ

ವರ್ಷದ ಫೀಸು ಮೊದಲೇ ಕಟ್ಟಿದ ಸದಸ್ಯರು ಇರುತ್ತಾರೆ. ಉಳಿದ ತಿಂಗಳ ಲೆಕ್ಕ ಹಾಕಿ ದುಡ್ಡು ವಾಪಸ್ ಕೊಡಿ. ಒಂದೇ ಸಲ ಆಗದಿದ್ದರೆ ಕಂತು ಬರೆದುಕೊಡಿ. ಕಟ್ಟಿದ ಫೀಸು ಯಾವ ಕಾರಣಕ್ಕೂ ವಾಪಸ್ ಇಲ್ಲ ಎಂದು ರಸೀದಿಯಲ್ಲಿ ಅಚ್ಚು ಹಾಕಿಸಿದ್ದೇನೆ ಎಂದು ಧೈರ್ಯವಾಗಿರಬೇಡಿ. ಕೊಡದ ಸೇವೆಗೆ ದುಡ್ಡು ಇಟ್ಟುಕೊಂಡರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವ ಹಕ್ಕು ಅವರಿಗಿದೆ. 1915 ಸಹಾಯವಾಣಿಗೆ ಒಂದು ಫೋನ್ ಸಾಕು. ಟ್ರೈನರ್‌ಗಳ ಬಾಕಿ ಸಂಬಳವನ್ನೂ ಆ ಪಟ್ಟಿಯಲ್ಲೇ ಸೇರಿಸಿ.

ಪರವಾನಗಿಯನ್ನು ಪತ್ರ ಬರೆದು ಹಿಂದಿರುಗಿಸಿ, ಇಲ್ಲದಿದ್ದರೆ ಮುಂದಿನ ವರ್ಷವೂ ಬಾಕಿ ಎಂದು ಬರಬಹುದು. ಕಾರ್ಮಿಕ ಇಲಾಖೆಗೂ ತಿಳಿಸಿ. ಮೀಟರನ್ನು ಮಾಲೀಕರ ಬಳಕೆಗೆ ಬದಲಿಸಿಕೊಡಿ. ಜಿಎಸ್‌ಟಿ ರದ್ದಾದ 3 ತಿಂಗಳೊಳಗೆ ಜಿಎಸ್‌ಟಿಆರ್-10 ಎಂಬ ಕೊನೆಯ ರಿಟರ್ನ್ ಹಾಕಬೇಕು. ಇದನ್ನು ಎಲ್ಲರೂ ಮರೆಯುತ್ತಾರೆ. ಆಮೇಲೆ ಇನ್ನೊಂದು ಜಾಗದಲ್ಲಿ ಜಿಮ್ ತೆರೆಯಲು ಹೋದಾಗ ಹಳೆಯ ಬಾಕಿ ಎದುರಿಗೆ ಬರುತ್ತದೆ.